ಪದೇಪದೇ ಗ್ಯಾಸ್ ತುಂಬಿಸಿದರೂ ಫ್ರಿಜ್ ತಣ್ಣಗಾಗದಿದ್ದರೆ

ಪ್ರಶ್ನೆ: 14 ತಿಂಗಳ ಹಿಂದೆ 31,000 ರೂಪಾಯಿಗೆ ಫ್ರಿಜ್ ಕೊಂಡೆವು. ಎಂಟನೇ ತಿಂಗಳಿಗೇ ತಣ್ಣಗಾಗುವುದು ನಿಂತಿತು. ಕಂಪನಿಯವರು ಎರಡು ಸಲ ಗ್ಯಾಸ್ ತುಂಬಿಸಿದರು. ಈಗ ಮತ್ತೆ ಅದೇ ಪಾಡು. ‘ವಾರಂಟಿ ಮುಗಿದಿದೆ, ದುಡ್ಡು ಕೊಡಿ’ ಅನ್ನುತ್ತಾರೆ. ಅಂಗಡಿಯವರನ್ನು ಕೇಳಿದರೆ ಕಂಪನಿಯತ್ತ ಕೈ ತೋರಿಸುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ದುಡ್ಡು ಕೊಡಬೇಡಿ. ಫ್ರಿಜ್ಜಿನ ಗ್ಯಾಸ್ ಸಿಲಿಂಡರಿನ ಗ್ಯಾಸಿನಂತೆ ಉರಿದು ಖರ್ಚಾಗುವುದಿಲ್ಲ, ಮುಚ್ಚಿದ ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕಿ ಮುಚ್ಚಬೇಕು, ತೇವ, ಕಸ ತಡೆಯುವ ಫಿಲ್ಟರ್ ಡ್ರೈಯರ್ ಬದಲಿಸಬೇಕು, ಕೊಳವೆಯೊಳಗಿನ ಗಾಳಿ, ತೇವ ಹೊರಗೆಳೆದು ವ್ಯಾಕ್ಯೂಮ್ ಮಾಡಬೇಕು, ಗ್ಯಾಸ್ ತುಂಬುವುದು ಕೊನೆಗೆ. ಬರೀ ಗ್ಯಾಸ್ ತುಂಬಿಸಿ ಹೋದರೆ ಅದು ರಿಪೇರಿಯೇ ಅಲ್ಲ. ಸೋರಿಕೆ ಗೋಡೆಯ ಫೋಮಿನೊಳಗೆ ಹುದುಗಿದ ಕೊಳವೆಯಲ್ಲಿದ್ದರೆ ಸರಿಪಡಿಸುವುದೂ ಕಷ್ಟ. ಆಗ ಬದಲಿ ಫ್ರಿಜ್ ಅಥವಾ ಹಣ ವಾಪಸ್ ಕೇಳುವುದೇ ಸರಿ.

ದೋಷ ಹುಟ್ಟಿದ್ದು ವಾರಂಟಿಯೊಳಗೆ ಎಂಬುದೇ ನಿಮ್ಮ ಬಲ. ಅದಕ್ಕೆ ಸಾಕ್ಷಿ ಆ ಎರಡು ಜಾಬ್ ಶೀಟ್‌ಗಳು, ಅಂದರೆ ಗ್ಯಾಸ್ ತುಂಬಿಸಿದಾಗ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಗಳು. ಕಳೆದಿದ್ದರೆ ದೂರಿನ ನಂಬರ್ ಹೇಳಿ ಇಮೇಲಿನಲ್ಲಿ ತರಿಸಿಕೊಳ್ಳಿ. ಮೆಕ್ಯಾನಿಕ್ ಮತ್ತೆ ಬಂದರೆ ‘ಗ್ಯಾಸ್ ಸೋರಿಕೆ, ಮೂರನೇ ಸಲ’ ಎಂದು ಬರೆಸಿ, ಫೋಟೋ ತೆಗೆದುಕೊಳ್ಳಿ. ಹೊರಡುವಾಗ ಆತ ಒಟಿಪಿ ಕೇಳುತ್ತಾನೆ. ಫ್ರೀಜರಿನಲ್ಲಿಟ್ಟ ನೀರು ಗಟ್ಟಿಯಾಗುವ ತನಕ ಕೊಡಬೇಡಿ, ಕೊಟ್ಟರೆ ದೂರು ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಗುತ್ತದೆ. ಬೇರೆ ಮೆಕ್ಯಾನಿಕ್ಕಿನಿಂದ ಕೊಳವೆ ಬಿಚ್ಚಿಸಲೂ ಬೇಡಿ, ತಪ್ಪನ್ನು ಆತನ ತಲೆಗೆ ಕಟ್ಟುತ್ತಾರೆ.

ಮೊದಲು 1915ಕ್ಕೆ ಕರೆ ಮಾಡಿ. ಈ ಗ್ರಾಹಕ ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರವಿಲ್ಲ, ಆದರೆ ದೂರನ್ನು ಕಂಪನಿಗೆ ದಾಟಿಸುತ್ತದೆ. ಬಗ್ಗದಿದ್ದರೆ ಅಂಗಡಿ, ಕಂಪನಿ ಇಬ್ಬರಿಗೂ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬಿಲ್, ವಾರಂಟಿ ಕಾರ್ಡ್, ಜಾಬ್ ಶೀಟ್, ನೋಟಿಸ್ ಪ್ರತಿಯ ಜೊತೆ ಅಫಿಡವಿಟ್ ಇಡಿ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ದೋಷವೇ ಇಲ್ಲ ಎಂದು ಅವರು ವಾದಿಸಿದರೆ ಪ್ರಯೋಗಾಲಯದ ಪರೀಕ್ಷೆ ಕೋರಬಹುದು. ಕಾಲಮಿತಿ ಎರಡು ವರ್ಷ. ಅದನ್ನು ಮೊದಲ ಸಲ ಕೆಟ್ಟ ದಿನದಿಂದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಮಿಕ್ಸಿ ಹತ್ತೇ ದಿನಕ್ಕೆ ಸುಟ್ಟಿತು. ಬಿಲ್ ಕೊಟ್ಟಿಲ್ಲ, ‘ಮಾರಿದ ಮಾಲು ವಾಪಸಿಲ್ಲ’ ಅನ್ನುತ್ತಾರೆ.
– ಓದುಗರು, ಹಾಸನ

ಉತ್ತರ: ಬಿಲ್ ಕೊಡದಿರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ಅದೇ. ಫೋನಿನಲ್ಲಿ ಹಣ ಕಳಿಸಿದ್ದರೆ ಆ ದಾಖಲೆ, ಮಿಕ್ಸಿಯ ಅಡಿಯ ಸೀರಿಯಲ್ ನಂಬರಿನ ಫೋಟೋ, ಡಬ್ಬಿ ಮೂರನ್ನೂ ಜೋಪಾನ ಮಾಡಿ. ಈ ವಾರವೇ ಅಂಗಡಿಗೆ ಬರಹದಲ್ಲಿ ಕೇಳಿ, 30 ದಿನ ದಾಟಲು ಬಿಡಬೇಡಿ.