ಹೊಳೆಯುವ ನ್ಯಾನೋಕಣ ಹಾಕಿದರೆ ಮೈಕ್ರೋಸ್ಕೋಪ್‌ಗೆ ಅಷ್ಟು ಚಿಕ್ಕದು ಹೇಗೆ ಕಾಣುತ್ತದೆ?

ಬೆಳಕಿನ ಮೈಕ್ರೋಸ್ಕೋಪ್ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು, ಹಾಗಿದ್ದರೆ ನ್ಯಾನೋಕಣ ಬಳಸಿ 28 ನ್ಯಾನೋಮೀಟರ್ ಮುಟ್ಟಿದ್ದು ಹೇಗೆ ಅಂತ ಕೇಳಿದ್ದೀರಿ.

ನೀವು ಹೇಳಿದ ಮಿತಿ 1873ರಲ್ಲಿ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ ಕೊಟ್ಟದ್ದು. ಬೆಳಕು ಅಲೆ ಅಲ್ವಾ? ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ತರಂಗದೂರದ ಸುಮಾರು ಅರ್ಧದಷ್ಟು ಅಗಲಕ್ಕೆ ಅದು ಹರಡಿಯೇ ಹರಡುತ್ತದೆ. ನ್ಯಾನೋಕಣ ಹಾಕಿದರೂ ಹರಡುತ್ತದೆ. ನಿಯಮವನ್ನೇ ಮುರಿದರು ಅಂತ ಎಲ್ಲಾದರೂ ಓದಿದ್ದರೆ ದಯವಿಟ್ಟು ನಂಬಬೇಡಿ.

ಪಕ್ಕಪಕ್ಕದ ಚುಕ್ಕೆಗಳು ಕಲಸಿಹೋಗುವುದು ಎರಡೂ ಒಟ್ಟಿಗೆ ಹೊಳೆಯುವುದರಿಂದ. ಒಂದರ ಹೊಳಪನ್ನು ಆರಿಸಿಟ್ಟು ಇನ್ನೊಂದನ್ನು ನೋಡಿದರೆ ತೊಂದರೆಯೇ ಇಲ್ಲ. 1994ರಲ್ಲಿ ಭೌತವಿಜ್ಞಾನಿ ಸ್ಟೆಫಾನ್ ಹೆಲ್ ಇದಕ್ಕೊಂದು ದಾರಿ ಸೂಚಿಸಿದರು. ಒಂದು ಲೇಸರ್ ಹೊಳೆಯಿಸುತ್ತದೆ, ಉಂಗುರದ ಆಕಾರದ ಇನ್ನೊಂದು ಲೇಸರ್ ಸುತ್ತಲಿನ ಹೊಳಪನ್ನು ಆರಿಸುತ್ತದೆ. ನಡುವಿನ ಚಿಕ್ಕ ಜಾಗ ಮಾತ್ರ ಉಳಿಯುತ್ತದೆ. 2014ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಆದರೆ ಸಾಮಾನ್ಯ ಡೈಗಳ (ಮಾದರಿಗೆ ಅಂಟಿಸುವ, ಹೊಳೆಯುವ ಬಣ್ಣದ ಅಣುಗಳ) ಹೊಳಪನ್ನು ಆರಿಸಲು ಆ ಉಂಗುರ ತುಂಬಾ ತೀವ್ರವಾಗಿರಬೇಕು. ಅಷ್ಟು ಬೆಳಕಿಗೆ ಡೈ ಬೇಗ ಕೆಡುತ್ತದೆ, ಜೀವಕೋಶಕ್ಕೂ ಪೆಟ್ಟು. ನ್ಯಾನೋಕಣ ಬೇಕಾಗುವುದು ಇಲ್ಲಿ.

ನೀವು ಹೇಳಿದ 28 ನ್ಯಾನೋಮೀಟರ್ 2017ರದು, ಸಿಡ್ನಿಯ ದಾಯೊಂಗ್ ಜಿನ್ ತಂಡದ ಕೆಲಸ. ಅವರ ಕಣ ಸೋಡಿಯಂ ಯಿಟ್ರಿಯಂ ಫ್ಲೋರೈಡ್ ಹರಳು, ಒಳಗೆ ಯಟರ್ಬಿಯಂ ಮತ್ತು ಥೂಲಿಯಂ ಎಂಬ ಲೋಹಗಳ ಅಯಾನುಗಳು. ಕಣ್ಣಿಗೆ ಕಾಣದ 980 ನ್ಯಾನೋಮೀಟರ್ ಬೆಳಕನ್ನು ಯಟರ್ಬಿಯಂ ಹೀರಿ ಥೂಲಿಯಂಗೆ ದಾಟಿಸುತ್ತದೆ. ಥೂಲಿಯಂ ಶಕ್ತಿಯ ಮಟ್ಟಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ನೀಲಿ ಬೆಳಕು ಕೊಡುತ್ತದೆ. ಥೂಲಿಯಂ ಪ್ರಮಾಣವನ್ನು ಶೇ 8ಕ್ಕೆ ಏರಿಸಿದಾಗ ಅಯಾನುಗಳು ಹತ್ತಿರವಾಗಿ, ಶಕ್ತಿ ಹಂಚಿಕೊಂಡು, ನಡುವಿನ ಒಂದು ಮೆಟ್ಟಿಲಲ್ಲಿ ಜಾಸ್ತಿ ಸೇರಿಕೊಳ್ಳುತ್ತವೆ. 808 ನ್ಯಾನೋಮೀಟರ್ ಲೇಸರ್ ಆ ಮೆಟ್ಟಿಲನ್ನೇ ಖಾಲಿ ಮಾಡುತ್ತದೆ. ಮೇಲೇರಲು ಯಾರೂ ಉಳಿಯದೆ ನೀಲಿ ಆರುತ್ತದೆ. ಡೈಗೆ ಬೇಕಾದುದರ ನೂರರಲ್ಲಿ ಒಂದು ಪಾಲಿನಷ್ಟು ತೀವ್ರತೆ ಇದಕ್ಕೆ ಸಾಕು. ಕಣ ಗಂಟೆಗಟ್ಟಲೆ ಹೊಳೆದರೂ ಮಂಕಾಗುವುದಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು 2021ರಲ್ಲಿ ಬಂದ ಫೋಟಾನ್ ಅವಲಾಂಚ್ ಕಣಗಳು, ಅಂದರೆ ಹಿಮಕುಸಿತದಂತೆ ಹೊಳಪು ಒಮ್ಮೆಲೇ ಏರುವ ಕಣಗಳು. ಇವುಗಳ ಹೊಳಪು ಲೇಸರ್ ತೀವ್ರತೆಯ 26ನೇ ಘಾತದಷ್ಟು ಕಡಿದಾಗಿ ಏರುತ್ತದೆ. ಲೆಕ್ಕ ಹಾಕಿ ನೋಡಿ, ತೀವ್ರತೆ ಶೇ 10 ಹೆಚ್ಚಿದರೆ ಹೊಳಪು ಸುಮಾರು 12 ಪಟ್ಟು! ಲೇಸರ್ ಚುಕ್ಕೆ ನಡುವಲ್ಲೇ ಅತಿ ತೀವ್ರ, ಹಾಗಾಗಿ ಕಣ ಅಲ್ಲಿದ್ದಾಗ ಮಾತ್ರ ಬೆಳಗುತ್ತದೆ. ಉಂಗುರವೇ ಬೇಡ. ಒಂದೇ ಲೇಸರ್‌ನಲ್ಲಿ 70 ನ್ಯಾನೋಮೀಟರ್‌ಗಿಂತ ಚಿಕ್ಕ ವಿವರ ಸಿಕ್ಕಿತು. ಇಷ್ಟು ಸರಳ ಉಪಕರಣದಿಂದ ಇದು ಆಗುವುದೇ ನನಗೆ ದೊಡ್ಡ ವಿಷಯ.

ಕೊರತೆಗಳೂ ಇವೆ. ಡೈ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಬೆಳಕು ಬಿಟ್ಟು ಮುಗಿಸುತ್ತದೆ. ಥೂಲಿಯಂಗೆ ನೂರಾರು ಮೈಕ್ರೋಸೆಕೆಂಡು ಬೇಕು, ಅವಲಾಂಚ್ ಕಟ್ಟಿಕೊಳ್ಳಲು ಇನ್ನೂ ಜಾಸ್ತಿ. ಅಷ್ಟು ಹೊತ್ತು ಪ್ರತಿ ಬಿಂದುವಿನಲ್ಲೂ ಕಾಯಬೇಕಾದ್ದರಿಂದ ಚಿತ್ರ ನಿಧಾನ. ಡೈ ಅಣು ಸುಮಾರು 1 ನ್ಯಾನೋಮೀಟರ್, ಈ ಕಣಗಳು ಹತ್ತಾರು. ಒಂದು ಪ್ರೋಟೀನ್‌ಗೆ ಅಂಟಿಸಿದರೆ ಕಣವೇ ಅದಕ್ಕಿಂತ ದೊಡ್ಡದಾಗಿರುತ್ತದೆ. 980 ನ್ಯಾನೋಮೀಟರ್ ಬೆಳಕನ್ನು ನೀರು ಹೀರುವುದರಿಂದ ಮಾದರಿ ಬಿಸಿಯಾಗದಂತೆಯೂ ನೋಡಿಕೊಳ್ಳಬೇಕು. ಕೋಶದೊಳಗಿನ ವೇಗದ ಚಲನೆ ಸೆರೆಹಿಡಿಯುವುದಾದರೆ ನಾನು ಡೈಯನ್ನೇ ಬಳಸುತ್ತೇನೆ. ಒಂದೇ ಜಾಗವನ್ನು ದಿನವಿಡೀ ಗಮನಿಸಬೇಕಾದರೆ ಈ ಕಣಗಳೇ ಸರಿ.