ಹೊಲದ ಮಣ್ಣಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ಮಳೆಗೆ ಕೊಚ್ಚಿಹೋಗುತ್ತದೆಯೋ, ಕೆಳಗಿಳಿಯುತ್ತದೆಯೋ?

ಎರಡೂ ನಡೆಯುತ್ತವೆ. ಯಾವುದು ಹೆಚ್ಚೆಂಬುದನ್ನು ಮಳೆಯ ರಭಸ, ಹೊಲದ ಇಳಿಜಾರು, ಮಣ್ಣಿನ ಗುಣ ಮತ್ತು ಕಣದ ಗಾತ್ರ, ಆಕಾರಗಳು ನಿರ್ಧರಿಸುತ್ತವೆ.

ಕೋಲಾರದ ಕಡೆ ಟೊಮೆಟೊ ಮಡಿಗಳಿಗೆ ಹೊದಿಸುವ ಮಲ್ಚಿಂಗ್ ಶೀಟನ್ನೇ ತೆಗೆದುಕೊಳ್ಳಿ. ಈ ತೆಳು ಪಾಲಿಥಿನ್ ಹಾಳೆ ಬಿಸಿಲಿಗೆ ಪೆಡಸಾಗುವುದರಿಂದ, ಬೆಳೆ ಮುಗಿದ ಮೇಲೆ ಕಿತ್ತು ತೆಗೆದರೂ ಮಣ್ಣಿನೊಳಗೆ ಹುಗಿದ ಅಂಚುಗಳು ಹರಿದು ಅಲ್ಲೇ ಉಳಿಯುತ್ತವೆ. ಮಣ್ಣನ್ನು ಪುಡಿಮಾಡುವ ರೋಟವೇಟರ್ ಯಂತ್ರ ಅವನ್ನು ಇನ್ನಷ್ಟು ಚೂರು ಮಾಡುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕದಾದ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ.

ಬಿರುಮಳೆಯ ಹನಿಗಳು ಮಣ್ಣಿನ ಸಣ್ಣ ಉಂಡೆಗಳನ್ನು ಒಡೆದು, ಅವುಗಳೊಳಗೆ ಸಿಕ್ಕಿಕೊಂಡಿದ್ದ ಚೂರುಗಳನ್ನು ಬಿಡಿಸುತ್ತವೆ. ನೀರು ಇಂಗುವುದಕ್ಕಿಂತ ಬೇಗ ಮಳೆ ಸುರಿದಾಗ, ನೀರಿಗಿಂತ ಹಗುರವಾದ ಪಾಲಿಥಿನ್ ಮೇಲ್ಹರಿವಿನಲ್ಲಿ ತೇಲಿಹೋಗಿ, ಬದುವಿನ ಬುಡದಲ್ಲೋ ಕೃಷಿಹೊಂಡದ ಅಂಚಿನಲ್ಲೋ ಕಸಕಡ್ಡಿಯ ಜೊತೆ ನಿಲ್ಲುತ್ತದೆ. ಉಳಿದದ್ದು ಹಳ್ಳದ ಮೂಲಕ ಕೆರೆ ಸೇರುತ್ತದೆ.

ಕೆಳಗಿಳಿಯುವುದು ಮುಖ್ಯವಾಗಿ ಅತಿ ಸಣ್ಣ ಕಣಗಳು. ಮಣ್ಣು ಜರಡಿಯಂತೆ ದೊಡ್ಡ ಚೂರುಗಳನ್ನು ಮೇಲೆಯೇ ತಡೆಯುತ್ತದೆ, ಸಿಂಥೆಟಿಕ್ ಬಟ್ಟೆಯಿಂದ ಬಿಡಿಸಿಕೊಂಡ ಪ್ಲಾಸ್ಟಿಕ್ ಎಳೆಗಳು ಮಣ್ಣಿನ ಕಣಗಳಿಗೆ ಸುತ್ತಿಕೊಂಡು ನಿಲ್ಲುತ್ತವೆ. ಆದರೆ ಎರೆಹುಳುವಿನ ಬಿಲ, ಕೊಳೆತ ಬೇರು ಬಿಟ್ಟ ಕೊಳವೆಗಳಲ್ಲಿ ಈ ತಡೆ ಅಷ್ಟಾಗಿ ಇರುವುದಿಲ್ಲ. ಬೇಸಿಗೆಯಲ್ಲಿ ಆಳವಾಗಿ ಬಿರಿಯುವ ವಿಜಯಪುರದಂಥ ಕಡೆಯ ಕಪ್ಪು ಎರೆಭೂಮಿಯಲ್ಲಂತೂ, ಬಿರುಕು ಮುಚ್ಚುವ ಮೊದಲೇ ಬೀಳುವ ಮುಂಗಾರಿನ ಮಳೆ ದೊಡ್ಡ ಚೂರುಗಳನ್ನೂ ನೇರವಾಗಿ ಒಳಗೆ ಇಳಿಸಬಲ್ಲದು. ಒಂದೇ ಸಮನೆ ತೇವವಾಗಿರುವ ಮಣ್ಣಿಗಿಂತ, ಪದೇ ಪದೇ ನೆನೆದು ಒಣಗುವ ಮಣ್ಣಿನಲ್ಲಿ ಕಣಗಳು ಹೆಚ್ಚು ಆಳಕ್ಕೆ ಹೋಗುತ್ತವೆ. ಆದ್ದರಿಂದ ಮೇಲ್ಪದರದ ಮಣ್ಣನ್ನು ಮಾತ್ರ ಪರೀಕ್ಷಿಸಿದರೆ ಪೂರ್ತಿ ಲೆಕ್ಕ ಸಿಗುವುದಿಲ್ಲ.