ಕೆನಡಾದ ಹಳೆಯ ರೈಲ್ವೆ ಹೋಟೆಲ್‌ಗಳಲ್ಲಿ ಉಳಿಯಲು ಅಷ್ಟು ದುಡ್ಡು ಕೊಡಬಹುದಾ?

ಅಪ್ಪ ಅಮ್ಮ ಮೊದಲ ಸಲ ಕೆನಡಾಕ್ಕೆ ಬರುತ್ತಿದ್ದಾರೆ, ಇಬ್ಬರಿಗೂ ಎಪ್ಪತ್ತರ ಹತ್ತಿರ ವಯಸ್ಸು, ರಾಕಿ ಪರ್ವತಗಳ ನಡುವಿನ ಲೇಕ್ ಲೂಯಿಸ್ ಕೆರೆ ಮತ್ತು ಕ್ವಿಬೆಕ್ ನಗರ ತೋರಿಸಬೇಕು, ಅಲ್ಲಿನ ಕೋಟೆಯಂಥ ಹೋಟೆಲ್‌ಗಳಲ್ಲಿ ಒಂದು ರಾತ್ರಿಗೆ ಸಾವಿರ ಡಾಲರ್ ಕೊಡುವುದು ಸರಿಯಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ತಿಂಗಳು ಒದ್ದಾಡಿದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೊಡಿ. ಆದರೆ ಒಂದೇ ಕಡೆ ಕೊಡಿ, ಮತ್ತು ಅದು ಲೇಕ್ ಲೂಯಿಸ್ ಆಗಿರಲಿ. ಕ್ವಿಬೆಕ್‌ನಲ್ಲಿ ಬೇಡ.

ಕಾರಣ ಹೇಳುತ್ತೇನೆ. ನಾವು ಹೋಗಿದ್ದು ಸೆಪ್ಟೆಂಬರ್ ನಡುವಿನಲ್ಲಿ. ಅಮ್ಮನಿಗೆ ಇನ್ನೂ ಊರಿನ ಗಡಿಯಾರ. ನಾಲ್ಕು ಗಂಟೆಗೇ ಎದ್ದು, ದೀಪ ಹಾಕಿದರೆ ನಮಗೆ ಎಚ್ಚರವಾಗುತ್ತದೆ ಅಂತ ಕತ್ತಲಲ್ಲೇ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಳು. ಆರೂವರೆ ಹೊತ್ತಿಗೆ ನಾನು ಕಣ್ಣು ಬಿಟ್ಟಾಗ ಅವಳು ಆಗಲೇ ಸ್ವೆಟರ್ ಮೇಲೆ ಶಾಲು ಹೊದ್ದು ರೆಡಿ. ಇಬ್ಬರೂ ಕೆಳಗಿಳಿದೆವು. ಹೋಟೆಲಿನ ಬಾಗಿಲು ದಾಟಿದರೆ ಕೆರೆಯ ದಡ, ಅಷ್ಟೇ ದೂರ. ಕೆರೆ ಬೂದಿ ಬಣ್ಣಕ್ಕಿತ್ತು. ಎದುರಿಗೆ ಮೌಂಟ್ ವಿಕ್ಟೋರಿಯಾ, ಅದರ ಮೈಮೇಲೆ ಹಿಮನದಿ. ಮೊದಲು ಬೆಟ್ಟದ ತುದಿಗೆ ಮಾತ್ರ ಬಿಸಿಲು ಬಿತ್ತು, ನಸುಗೆಂಪಾಗಿ. ಆಮೇಲೆ ಆ ಬೆಳಕು ಹಿಮದ ಮೇಲೆ ನಿಧಾನಕ್ಕೆ ಜಾರುತ್ತಾ ಕೆಳಗೆ ಬಂತು. ಕೆರೆ ಮಾತ್ರ ಇನ್ನೂ ನೆರಳಲ್ಲೇ. ಬಿಸಿಲು ನೀರಿಗೆ ತಾಗಿದ ಮೇಲೆಯೇ ಆ ಹಸಿರು ಕಾಣಿಸಿದ್ದು. ಹಿಮನದಿ ಬಂಡೆಯನ್ನು ಅರೆದು ಹಿಟ್ಟು ಮಾಡಿ ನೀರಿಗೆ ಬಿಡುತ್ತದೆ. ಆ ಹಿಟ್ಟು ತಳ ಸೇರದೆ ನೀರಲ್ಲೇ ತೇಲುವುದರಿಂದ ಈ ಬಣ್ಣ. ಅಮ್ಮನಿಗೆ ಇದನ್ನು ಹೇಳಿದೆ. "ಹಿಟ್ಟು ಅಂದ್ರೆ ನಮ್ಮ ಅಕ್ಕಿ ತೊಳೆದ ನೀರಿನ ಹಾಗೆ" ಅಂದಳು. ಸರಿಯಾಗೇ ಹೇಳಿದಳು.

ದಡದಲ್ಲಿ ಟ್ರೈಪಾಡ್ ಇಟ್ಟುಕೊಂಡವರು ಆಗಲೇ ಇದ್ದರು. ಅವರೆಲ್ಲ ಕತ್ತಲಲ್ಲಿ ಗಾಡಿ ಓಡಿಸಿಕೊಂಡು ಬಂದವರು. ಪಾರ್ಕಿಂಗ್ ಜಾಗ ಬೇಗ ತುಂಬುತ್ತದೆ, ಸಿಗದಿದ್ದರೆ ಶಟಲ್ ಬಸ್ಸಿಗೆ ಮುಂಚೆಯೇ ಸೀಟು ಹಿಡಿದಿರಬೇಕು. ನಮ್ಮ ವಯಸ್ಸಿನವರು ಹೇಗೋ ಮಾಡಿಕೊಳ್ಳುತ್ತೇವೆ. ಎಪ್ಪತ್ತು ವರ್ಷದವರನ್ನು ನಸುಕಿಗೆ ಎಬ್ಬಿಸಿ, ಕಾರಲ್ಲಿ ಕೂರಿಸಿ, ಸೊನ್ನೆ ಡಿಗ್ರಿ ಚಳಿಯಲ್ಲಿ ನಿಲ್ಲಿಸೋಕೆ ಆಗುತ್ತಾ? ಅಮ್ಮನಿಗೆ ಚಳಿ ಜಾಸ್ತಿ ಆದಾಗ ಒಳಗೆ ಹೋಗಿ ಕೈ ಬೆಚ್ಚಗೆ ಮಾಡಿಕೊಂಡು ಬಂದಳು. ಮತ್ತೆ ನಿಂತಳು. ಮತ್ತೆ ಹೋದಳು. ಅಪ್ಪ ಎದ್ದ ಮೇಲೆ ಅವರನ್ನೂ ಕರೆದುಕೊಂಡು ಬಂದಳು. ನೀವು ದುಡ್ಡು ಕೊಡುವುದು ಇದಕ್ಕೆ. ಹಾಸಿಗೆಗೆ, ಬಾತ್‌ರೂಮಿನ ಅಮೃತಶಿಲೆಗೆ ಅಲ್ಲ. ಹತ್ತು ಗಂಟೆಯ ಹೊತ್ತಿಗೆ ಬಸ್ಸುಗಳು ಬಂದು ಜಾತ್ರೆ ಆಗುತ್ತದೆ. ಸಂಜೆ ಅವೆಲ್ಲ ಹೋದ ಮೇಲೆ ಮತ್ತೆ ಕೆರೆ ನಿಮ್ಮದೇ.

ಹಾಗಾಗಿ ಅಲ್ಲಿ ರೂಮು ತಗೊಂಡರೆ ಕೆರೆಯ ಕಡೆ ಕಿಟಕಿ ಇರುವುದನ್ನೇ ತಗೊಳ್ಳಿ. ಇನ್ನೊಂದು ಬದಿಯ ರೂಮಿಗೆ ದರ ಕಡಿಮೆ ನಿಜ, ಆದರೆ ಬೇಕಾಗಿದ್ದನ್ನೇ ಬಿಟ್ಟ ಹಾಗಾಯಿತು. ಎರಡು ರಾತ್ರಿ ಆ ಬದಿ ಇರುವುದಕ್ಕಿಂತ ಒಂದು ರಾತ್ರಿ ಈ ಬದಿ ಇರುವುದು ಮೇಲು.

ಇನ್ನು ಈ ಹೋಟೆಲ್‌ಗಳ ಕಥೆ. ಇದನ್ನು ಗೊತ್ತುಮಾಡಿಕೊಂಡು ಹೋದರೆ ಅಪ್ಪ ಅಮ್ಮನಿಗೆ ಆ ಜಾಗ ಬೇರೆಯೇ ಆಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ವರ್ಷಗಟ್ಟಲೆ ಗೂಡ್ಸ್ ಗಾಡಿಯ ಹಿಂದಿನ ಬ್ರೇಕ್‌ವ್ಯಾನಿನಲ್ಲಿ ಕೂತು ಇಳಿದವರು. ಅವರಿಗೆ ಐಷಾರಾಮಿ ಹೋಟೆಲ್ ಅಂದರೆ ಆಸಕ್ತಿಯೇ ಇರಲಿಲ್ಲ. "ಸುಮ್ನೆ ಯಾಕೆ ಖರ್ಚು" ಅಂತ ಕಾರಿನಲ್ಲಿ ಹೇಳುತ್ತಲೇ ಬಂದರು. ಈ ಹೋಟೆಲ್‌ಗಳನ್ನು ಕಟ್ಟಿಸಿದ್ದು ರೈಲ್ವೆ ಕಂಪನಿ ಅಂದ ತಕ್ಷಣ ತಿರುಗಿ ಕೂತರು.

ಕೆನಡಿಯನ್ ಪೆಸಿಫಿಕ್ ರೈಲ್ವೆ ದೇಶದ ಪೂರ್ವದಿಂದ ಪಶ್ಚಿಮಕ್ಕೆ ಹಳಿ ಜೋಡಿಸಿ ಮುಗಿಸಿದ್ದು 1885ರ ನವೆಂಬರ್‌ನಲ್ಲಿ. ರಾಕಿ ಪರ್ವತಗಳ ಏರು ಎಷ್ಟು ಕಡಿದಾಗಿತ್ತೆಂದರೆ ಫೀಲ್ಡ್ ಎಂಬ ಊರಿನ ಹತ್ತಿರ 22 ಅಡಿಗೆ 1 ಅಡಿ ಏರಬೇಕಿತ್ತು. ನಮ್ಮ ಸಕಲೇಶಪುರ ಘಾಟಿ 50ಕ್ಕೆ 1. ಅಂಥ ಏರಿನಲ್ಲಿ ಭಾರದ ಊಟದ ಬೋಗಿಯನ್ನು ಎಳೆಯುವುದು ದಂಡ ಅಂತ ಕಂಪನಿ ಬೇರೆ ದಾರಿ ಹುಡುಕಿತು. 1886ರಲ್ಲಿ ಫೀಲ್ಡ್, ಗ್ಲೇಷಿಯರ್, ನಾರ್ತ್ ಬೆಂಡ್ ಎಂಬ ಮೂರು ಕಡೆ ಹಳಿ ಪಕ್ಕದಲ್ಲೇ ಊಟದ ಮನೆಗಳನ್ನು ಕಟ್ಟಿತು. ರೈಲು ನಿಲ್ಲಿಸಿ, ಜನ ಇಳಿದು ಊಟ ಮಾಡಿ ಹತ್ತುವುದು. ಬೆಟ್ಟದ ಹೋಟೆಲ್‌ಗಳ ಮೂಲ ಇದೇ. ಅಪ್ಪನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ಏರಿನಲ್ಲಿ ಒಂದು ಡಬ್ಬಿ ಜಾಸ್ತಿ ಆದ್ರೂ ಹಿಂದಿಂದ ತಳ್ಳೋಕೆ ಇನ್ನೊಂದು ಬ್ಯಾಂಕರ್ ಎಂಜಿನ್ ಬೇಕು" ಅಂದರು.

ಆಮೇಲೆ ಕಂಪನಿಗೆ ಇನ್ನೊಂದು ಚಿಂತೆ. ಹಳಿ ಇದೆ, ರೈಲಿದೆ, ಆದರೆ ದಾರಿಯುದ್ದಕ್ಕೂ ಜನವೇ ಇಲ್ಲ, ಟಿಕೆಟ್ ಯಾರು ಕೊಳ್ಳಬೇಕು? ಕಂಪನಿ ನಡೆಸುತ್ತಿದ್ದ ವಿಲಿಯಂ ವಾನ್ ಹಾರ್ನ್, ಈ ಬೆಟ್ಟಗಳನ್ನು ಹೊರಗೆ ಕಳಿಸೋಕಾಗದಿದ್ದರೆ ನೋಡುವವರನ್ನೇ ಇಲ್ಲಿಗೆ ಕರೆಸೋಣ ಅಂದಿದ್ದನಂತೆ. 1888ರಲ್ಲಿ ಅದೇ ಬೆಟ್ಟಗಳ ನಡುವೆ ಬ್ಯಾನ್ಫ್ ಸ್ಪ್ರಿಂಗ್ಸ್ ಎಂಬ ಹೋಟೆಲ್ ಶುರುವಾಯಿತು. ಅದನ್ನು ಕಟ್ಟುವಾಗ ನಕ್ಷೆ ಹಿಂದುಮುಂದಾಗಿ, ನದಿ ಕಾಣುವ ಒಳ್ಳೆಯ ಜಾಗ ಅಡುಗೆಮನೆಗೆ ಹೋಗಿಬಿಟ್ಟಿತ್ತು ಅಂತ ಒಂದು ಕಥೆ ಇವತ್ತಿಗೂ ಹೇಳುತ್ತಾರೆ. ಲೇಕ್ ಲೂಯಿಸ್‌ನಲ್ಲಿ 1890ರಲ್ಲಿ ಇದ್ದದ್ದು ದಿಮ್ಮಿಗಳಿಂದ ಕಟ್ಟಿದ ಒಂದು ಚಿಕ್ಕ ಮನೆ ಮಾತ್ರ. 1899ರಲ್ಲಿ ಕಂಪನಿ ಸ್ವಿಟ್ಜರ್ಲೆಂಡಿನಿಂದ ಪರ್ವತ ಹತ್ತಿಸುವ ಗೈಡ್‌ಗಳನ್ನು ಕರೆಸಿತು. 1924ರಲ್ಲಿ ಲೇಕ್ ಲೂಯಿಸ್‌ನಲ್ಲಿ, 1926ರಲ್ಲಿ ಬ್ಯಾನ್ಫ್‌ನಲ್ಲಿ ಬೆಂಕಿ ಬಿದ್ದು ಹಳೆಯ ಮರದ ಕಟ್ಟಡಗಳು ಸುಟ್ಟುಹೋದವು. ಈಗ ನೀವು ನೋಡುವ ಬ್ಯಾನ್ಫ್ ಹೋಟೆಲ್ 1928ರದ್ದು.

ಇದರ ಜೊತೆ ಇನ್ನೊಂದು ವಿಷಯವೂ ಹೇಳಿ ಅವರಿಗೆ. ಬ್ರಿಟಿಷ್ ಕೊಲಂಬಿಯಾದ ಕಡೆ ಆ ಹಳಿ ಹಾಕಲು ಸುಮಾರು 15,000 ಚೀನೀ ಕೂಲಿಗಳು ದುಡಿದರು. ಹಳಿ ಮುಗಿದ ಅದೇ 1885ರಲ್ಲಿ ಸರ್ಕಾರ ಚೀನಾದಿಂದ ಬರುವವರಿಗೆ ತಲೆಗಂದಾಯ ಹಾಕಿತು. ಬ್ಯಾನ್ಫ್ ಕಣಿವೆಯಲ್ಲಿ ತಲೆತಲಾಂತರದಿಂದ ಬೇಟೆಯಾಡುತ್ತಿದ್ದ ಸ್ಟೋನಿ ನಕೋಡ ಎಂಬ ಮೂಲನಿವಾಸಿ ಜನರನ್ನು ರಾಷ್ಟ್ರೀಯ ಉದ್ಯಾನ ಮಾಡಿ ಹೊರಗಿಟ್ಟರು. ಲೇಕ್ ಲೂಯಿಸ್ ಅನ್ನೋದು ಆಮೇಲೆ ಇಟ್ಟ ಹೆಸರು. ಸ್ಟೋನಿ ಜನ ಅದನ್ನು ಚಿಕ್ಕ ಮೀನುಗಳ ಕೆರೆ ಅನ್ನುತ್ತಿದ್ದರು. ಆ ಕಿಟಕಿಯ ಹತ್ತಿರ ಕೂತಾಗ ಇದು ನೆನಪಿರಬೇಕು ಅಂತ ನನಗನ್ನಿಸುತ್ತದೆ.

ಅಲ್ಲಿವರೆಗೆ ಹೋದ ಮೇಲೆ ಫೀಲ್ಡ್ ಕಡೆಗೂ ಹೋಗಿ, ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಆ ಕಡಿದಾದ ಏರನ್ನು ತಪ್ಪಿಸಲು 1909ರಲ್ಲಿ ಬೆಟ್ಟದೊಳಗೆ ಸುರುಳಿ ಸುರಂಗಗಳನ್ನು ತೆರೆದರು. ಹೈವೇ ಪಕ್ಕದಲ್ಲಿ ನಿಂತು ನೋಡುವ ಜಾಗವಿದೆ. ಪ್ರಯಾಣಿಕರ ಮಾಮೂಲಿ ರೈಲು ಈಗ ಈ ದಾರಿಯಲ್ಲಿಲ್ಲ, ಗೂಡ್ಸ್ ಬರುತ್ತದೆ, ಇಂಥ ಹೊತ್ತಿಗೆ ಅಂತಿಲ್ಲ. ನಾವು ಒಂದೂವರೆ ಗಂಟೆ ಕಾದೆವು. ಬಂತು. ಎಂಜಿನ್ ಸುರಂಗದಿಂದ ಹೊರಗೆ ಬಂದಾಗ ಅದೇ ಗಾಡಿಯ ಬಾಲ ಅದರ ಮೇಲ್ಗಡೆಯ ಹಳಿಯಲ್ಲಿ ಇನ್ನೂ ಒಳಗೆ ಹೋಗುತ್ತಿತ್ತು. ಅಪ್ಪ ಬೋಗಿ ಎಣಿಸುತ್ತಿದ್ದರು, ನೂರು ದಾಟಿದ ಮೇಲೆ ಬಿಟ್ಟುಬಿಟ್ಟರು. ಖರ್ಚಿನ ಮಾತು ಆಮೇಲೆ ಬರಲಿಲ್ಲ.

ಈಗ ಕ್ವಿಬೆಕ್. ಅಲ್ಲಿನ ಕೋಟೆಯಂಥ ಹೋಟೆಲ್ ಶಾಟೋ ಫ್ರಾಂಟೆನಾಕ್ ಕೂಡ ಅದೇ ರೈಲ್ವೆ ಕಂಪನಿ ಕಟ್ಟಿಸಿದ್ದು, 1893ರಲ್ಲಿ ತೆರೆದದ್ದು. 1943ರಲ್ಲಿ ಚರ್ಚಿಲ್, ರೂಸ್ವೆಲ್ಟ್ ಯುದ್ಧದ ಸಭೆಗೆ ಆ ಊರಿಗೆ ಬಂದಾಗ ಅವರ ಸೇನಾಧಿಕಾರಿಗಳಿಗೆ ಈ ಹೋಟೆಲೇ ಬಿಡಾರ. ತುಂಬಾ ಚೆಂದದ ಕಟ್ಟಡ. ಆದರೆ ಒಳಗಿದ್ದರೆ ಆ ಚೆಂದ ಕಾಣುವುದಿಲ್ಲ, ಅಲ್ವಾ? ಅದರ ಮುಂದಿನ ಡಫರಿನ್ ಟೆರೇಸ್ ಎಲ್ಲರಿಗೂ ತೆರೆದದ್ದು, ಸೇಂಟ್ ಲಾರೆನ್ಸ್ ನದಿ ಪೂರ್ತಿ ಕಾಣುತ್ತದೆ, ಕೂರೋಕೆ ಬೆಂಚುಗಳಿವೆ. ಲಾಬಿಗೂ ಹೋಗಿ ನೋಡಬಹುದು. ಹಾಗಾಗಿ ಅಲ್ಲಿ ಹಳೇ ಊರಿನೊಳಗಿನ ಯಾವುದಾದರೂ ಒಬೆರ್ಜ್‌ನಲ್ಲಿ ಇಳಿದುಕೊಳ್ಳಿ. ಸತ್ರ, ವಸತಿಗೃಹ ಅನ್ನೋದಕ್ಕೆ ಅಲ್ಲಿನ ಫ್ರೆಂಚ್ ಮಾತು ಅದು. ಸ್ವಲ್ಪ ಕೈ ಬಿಚ್ಚಿ ಖರ್ಚು ಮಾಡುವುದಾದರೆ ಹಳೇ ಬಂದರಿನ ಹತ್ತಿರದ ಒಬೆರ್ಜ್ ಸೇಂಟ್ ಆಂಟ್ವಾನ್ ನೋಡಿ. ಅದನ್ನು ಕಟ್ಟುವಾಗ ನೆಲ ಅಗೆದರೆ ಹಿಂದಿನ ಶತಮಾನಗಳ ಪಿಂಗಾಣಿ ಚೂರು, ಬಾಟಲಿ, ಪಾತ್ರೆಗಳು ಸಿಕ್ಕವು. ಅವನ್ನು ಗಾಜಿನೊಳಗಿಟ್ಟು ಹೋಟೆಲಿನ ತುಂಬಾ, ರೂಮುಗಳಲ್ಲೂ ಜೋಡಿಸಿದ್ದಾರೆ.

ನಾವು ಉಳಿದದ್ದು ಇನ್ನೂ ಚಿಕ್ಕದರಲ್ಲಿ, ಹತ್ತು ರೂಮಿನ ಕಲ್ಲಿನ ಮನೆ. ನಡೆಸುವವರೇ ಬೆಳಿಗ್ಗೆ ಬ್ರೆಡ್ ಸುಟ್ಟು ಕೊಡುತ್ತಿದ್ದರು. ನಾವು ಮೊಟ್ಟೆ ತಿನ್ನೋದಿಲ್ಲ ಅಂದಾಗ ಮಾರನೇ ದಿನ ಅಮ್ಮನಿಗಾಗಿ ಟೊಮೆಟೊ ಹುರಿದು ಚೀಸ್ ಹಾಕಿ ಕೊಟ್ಟರು. ಫ್ರೆಂಚಿನಲ್ಲಿ ಥ್ಯಾಂಕ್ಸ್ ಹೇಳುವ "ಮೆರ್ಸಿ" ಅನ್ನೋದನ್ನು ಅಮ್ಮ ಅಲ್ಲೇ ಕಲಿತಳು. ಆದರೆ ಒಂದು ಎಚ್ಚರಿಕೆ. ಇಂಥ ಮನೆಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದು. ಬುಕ್ ಮಾಡುವ ಮುಂಚೆ ಫೋನ್ ಮಾಡಿ, ನೆಲಮಹಡಿ ರೂಮು ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಮೇಲಿನ ಊರಿಗೂ ಕೆಳಗಿನ ಊರಿಗೂ ಮಧ್ಯೆ 1879ರಿಂದ ಓಡುತ್ತಿರುವ ಹಳಿಯ ಲಿಫ್ಟ್ ಇದೆ, ಫ್ಯುನಿಕ್ಯುಲರ್ ಅಂತಾರೆ. ಮಂಡಿನೋವು ಇರುವವರಿಗೆ ಅದು ದೊಡ್ಡ ಉಪಕಾರ.

ದುಡ್ಡಿನ ವಿಷಯದಲ್ಲಿ ನಾನು ಒಂದು ಕಡೆ ಏಟು ತಿಂದಿದ್ದೇನೆ. ಆ ಹೋಟೆಲಿನ ಹೆಸರು ಬೇಡ. ಹಳೆಯ, ದೊಡ್ಡ ಹೆಸರಿನದ್ದು, ಎಲ್ಲಕ್ಕಿಂತ ಕಡಿಮೆ ದರದ ರೂಮು ತಗೊಂಡಿದ್ದೆ. ಕಿಟಕಿ ತೆಗೆದರೆ ಎದುರಿಗೆ ಗೋಡೆ, ಕೆಳಗೆ ಅಡುಗೆಮನೆಯ ಹೊಗೆ ಕೊಳವೆ. ಬಿಲ್ಲಿನಲ್ಲಿ ನಾನು ನೋಡಿರದ ರೆಸಾರ್ಟ್ ಫೀ, ದಿನಕ್ಕಿಷ್ಟು ಅಂತ ಪಾರ್ಕಿಂಗ್. ಹಾಗಾಗಿ ಕಾಣಿಸಿದ ದರಕ್ಕೆ ಇವನ್ನೆಲ್ಲ ಕೂಡಿಸಿಯೇ ಲೆಕ್ಕ ಹಾಕಿ. ತೆರಿಗೆ ಬೇರೆ ಇದೆ. ಲೇಕ್ ಲೂಯಿಸ್ ಇರುವ ಅಲ್ಬರ್ಟಾದಲ್ಲಿ 5% ಜಿಎಸ್‌ಟಿ ಮತ್ತು ಅದರ ಜೊತೆ ಪ್ರವಾಸಿ ಲೆವಿ. ಕ್ವಿಬೆಕ್‌ನಲ್ಲಿ ಜಿಎಸ್‌ಟಿ 5%, ಪ್ರಾಂತ್ಯದ ಮಾರಾಟ ತೆರಿಗೆ 9.975%, ಮೇಲೆ ವಸತಿ ತೆರಿಗೆ 3.5%. ಹಳೆಯ ಕಟ್ಟಡಗಳಲ್ಲಿ ಮಾಮೂಲಿ ರೂಮು ಚಿಕ್ಕದೇ ಇರುತ್ತದೆ, ನಾಲ್ಕು ಜನಕ್ಕೆ ಒಂದೇ ರೂಮು ಅಂತ ಲೆಕ್ಕ ಹಾಕಬೇಡಿ.

ಊಟಕ್ಕೆ ಅಮ್ಮ ಊರಿಂದಲೇ ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಬಂದಿದ್ದಳು. ಕೆಟಲ್ ಬೇಕು ಅಂದರೆ ರೂಮಿಗೆ ತಂದುಕೊಡುತ್ತಾರೆ. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಲೇಕ್ ಲೂಯಿಸ್‌ನ ಕಿಟಕಿ ಪಕ್ಕ ಕೂತು ಅಪ್ಪ ಎರಡು ಸಲ ಹಾಕಿಸಿಕೊಂಡರು.

ನೀವು ಟೊರೊಂಟೊ ಕಡೆಯವರಾಗಿದ್ದು ಕ್ವಿಬೆಕ್‌ಗೆ ಕಾರಲ್ಲಿ ಹೋಗುವುದಾದರೆ ಒಟ್ಟಾವದ ಶಾಟೋ ಲಾರಿಯೇಗೆ ಒಂದು ಗಂಟೆ ಕೊಡಿ. ಅದು 1912ರದ್ದು. ಕಟ್ಟಿಸಿದ ರೈಲ್ವೆಯ ಮುಖ್ಯಸ್ಥ ಚಾರ್ಲ್ಸ್ ಹೇಸ್, ಹೋಟೆಲ್ ತೆರೆಯುವ ಮುಂಚೆ ಟೈಟಾನಿಕ್ ಹಡಗಿನಲ್ಲಿ ತೀರಿಕೊಂಡ. ಸಿಡುಕುಮುಖದ ಚರ್ಚಿಲ್ ಫೋಟೋ ನೋಡಿರುತ್ತೀರಲ್ಲ, ಅದನ್ನು ತೆಗೆದ ಯೂಸುಫ್ ಕಾರ್ಶ್ ಈ ಹೋಟೆಲಿನಲ್ಲೇ 18 ವರ್ಷ ಇದ್ದರು. ಇಲ್ಲಿದ್ದ ಆ ಫೋಟೋದ ಪ್ರತಿ ಕಳ್ಳತನವಾಗಿ, 2022ರಲ್ಲಿ ಗೊತ್ತಾಗಿ, ಕೊನೆಗೆ ಇಟಲಿಯಲ್ಲಿ ಸಿಕ್ಕು 2024ರಲ್ಲಿ ವಾಪಸ್ ಬಂತು.

ಯಾವ ತಿಂಗಳು ಅಂತ ನೀವು ಹೇಳಿಲ್ಲ. ಮೇ ತಿಂಗಳಲ್ಲಿ ಲೇಕ್ ಲೂಯಿಸ್ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ, ಹಸಿರು ನೀರು ಬೇಕಾದರೆ ಜೂನ್ ಮಧ್ಯ ಕಳೆಯಲಿ. ಜುಲೈ, ಆಗಸ್ಟ್‌ನಲ್ಲಿ ಜನವೂ ಜಾಸ್ತಿ, ದರವೂ ಜಾಸ್ತಿ. ಸೆಪ್ಟೆಂಬರ್ ಮೂರನೇ ವಾರಕ್ಕೆ ಬೆಟ್ಟದ ಮೇಲಿನ ಲಾರ್ಚ್ ಮರಗಳು ಹಳದಿಯಾಗುತ್ತವೆ. ಭಾನುವಾರದಿಂದ ಗುರುವಾರದೊಳಗಿನ ರಾತ್ರಿ ಹುಡುಕಿ. ಅಪ್ಪ ಅಮ್ಮನ ವೀಸಾ ಕೈಗೆ ಬಂದಿಲ್ಲದಿದ್ದರೆ, ದರ ಸ್ವಲ್ಪ ಜಾಸ್ತಿಯಾದರೂ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಕೊಡುವ ಬುಕಿಂಗ್ ಮಾತ್ರ ಮಾಡಿ.